ಅಚ್ಚು ಸುರಿದು ಒಂದು ಗಂಟೆ

ಕೋವಿಯ ಗೂಡಿಗೆ, ಅಂದರೆ ತೋಟೆ ಕೂರುವ ಜಾಗಕ್ಕೆ, ಸುರಿದ ಲೋಹ ಮೊದಲ ಅರ್ಧ ಗಂಟೆ ಕುಗ್ಗುತ್ತದೆ. ಆಮೇಲೆ ನಿಧಾನವಾಗಿ ಹಿಗ್ಗತೊಡಗುತ್ತದೆ. ಸುರಿದು ಸರಿಯಾಗಿ ಒಂದು ಗಂಟೆಯಾದಾಗ ಅದು ಗೂಡು ಎಷ್ಟಿದೆಯೋ ಅಷ್ಟೇ ಇರುತ್ತದೆ. ಅಳತೆ ತೆಗೆದುಕೊಳ್ಳಬೇಕಾದದ್ದು ಆಗ. ಆದರೆ ಹಿಗ್ಗುವುದು ಅಲ್ಲಿಗೆ ನಿಲ್ಲುವುದಿಲ್ಲ. ಮುಂದಿನ ಕೆಲವು ದಿನಗಳಲ್ಲಿ ಅದು ಇನ್ನೂ ಎರಡು ಥೌ ಬೆಳೆದು, ಆಮೇಲೆ ಹಾಗೆಯೇ ಉಳಿದುಬಿಡುತ್ತದೆ. ಥೌ ಅಂದರೆ ಇಂಚನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ನನ್ನ ತಲೆಗೂದಲು ಮೂರು ಥೌ ದಪ್ಪವಿದೆ. ಕೆಲಸಕ್ಕೆ ಸೇರಿದ ಮೊದಲ ವಾರ ಅಳೆದು ನೋಡಿದ್ದೆ.

ನನಗೀಗ ಮೂವತ್ತಾರು ವರ್ಷ. ನಿವೃತ್ತಿ ಎಂಬ ಮಾತು ಈ ವಯಸ್ಸಿಗೆ ಹೊಂದುವುದಿಲ್ಲವೆಂದು ಗೊತ್ತು. ಆದರೆ ನಾನು ಕಲಿತ ಕಸುಬಿನಲ್ಲಿ ಕೆಲಸ ಕೊಡಬಲ್ಲವರು ಈ ದೇಶದಲ್ಲಿ ಕೆಲವೇ ಮಂದಿ, ಅವರೆಲ್ಲ ಒಬ್ಬರಿಗೊಬ್ಬರು ಪರಿಚಿತರು, ಅವರೆಲ್ಲರಿಗೂ ನನ್ನ ಹೆಸರು ತಲುಪಿದೆ. ಹೀಗಾದ ಮೇಲೆ ಬೇರೆ ಪದ ತೋಚಲಿಲ್ಲ. ಈ ಕೆಲಸದ ಬಗ್ಗೆ ಇಂಗ್ಲಿಷಿನಲ್ಲಿ ಏನನ್ನೂ ಬರೆಯದಿರುವುದು ಒಳ್ಳೆಯದೆಂದು ವಕೀಲರೊಬ್ಬರು ಸಲಹೆ ಕೊಟ್ಟರು. ಕನ್ನಡದ ಬಗ್ಗೆ ಅವರು ಏನೂ ಹೇಳಲಿಲ್ಲ.

ನಾನು ಹತ್ತು ವರ್ಷ ಕೆಲಸ ಮಾಡಿದ್ದು ನ್ಯೂಜೆರ್ಸಿಯಲ್ಲಿ, ಓಲ್ಡ್ ಬ್ರಿಡ್ಜ್‌ನ ನಮ್ಮ ಮನೆಯಿಂದ ಇಪ್ಪತ್ತು ನಿಮಿಷ ಡ್ರೈವ್ ಮಾಡಿದರೆ ಸಿಗುವ ಒಂದು ಸಣ್ಣ ಕಾರ್ಖಾನೆಯಲ್ಲಿ. ಈಗ ಯಾರೂ ತಯಾರಿಸದ ತೋಟೆಗಳನ್ನು ಅಲ್ಲಿ ತಯಾರಿಸುತ್ತಿದ್ದೆವು. ನೂರು ವರ್ಷದ ಹಿಂದೆ ಬೇಟೆಯ ರೈಫಲ್ ಮಾಡುವ ಪ್ರತಿಯೊಂದು ಕಂಪನಿಯೂ ತನ್ನದೇ ಅಳತೆಯ ತೋಟೆಯನ್ನು ಮಾಡುತ್ತಿತ್ತು. ಕಂಪನಿಗಳು ಮುಚ್ಚಿದವು, ತೋಟೆಗಳು ನಿಂತವು, ಕೋವಿಗಳು ಉಳಿದವು. ಅಜ್ಜನ ಕೋವಿಯನ್ನು ಗೋಡೆಗೆ ತೂಗುಹಾಕಿ ಸುಮ್ಮನಿರಲಾರದವರು ನಮ್ಮ ಬಳಿ ಬರುತ್ತಿದ್ದರು. ಇಂದಿಗೂ ಸಿಗುವ ಯಾವುದಾದರೂ ದೊಡ್ಡ ತೋಟೆಯ ಹಿತ್ತಾಳೆ ಕೇಸನ್ನು ತೆಗೆದುಕೊಂಡು, ಕಾಯಿಸಿ, ಒತ್ತಿ, ಕತ್ತರಿಸಿ, ಗುಂಡನ್ನು ಹಿಡಿಯುವ ಕತ್ತನ್ನು ತೆಳುಮಾಡಿ ಹಳೆಯ ಆಕಾರಕ್ಕೆ ತರುವುದು, ಆಮೇಲೆ ತಳಕ್ಕೆ ಕಿಡಿ ಹೊತ್ತಿಸುವ ಕೇಪು ಕೂರಿಸಿ, ಮದ್ದು ತೂಗಿ ಹಾಕಿ, ಗುಂಡು ಒತ್ತುವುದು. ಒಂದೊಂದೂ ಕೈಕೆಲಸ. ಪೆಟ್ಟಿಗೆಗೆ ಇಪ್ಪತ್ತು ತೋಟೆ. ಪೆಟ್ಟಿಗೆಯ ಮೇಲೆ ಒಂದು ಲೇಬಲ್, ಲೇಬಲ್‌ನ ಕೆಳಮೂಲೆಯಲ್ಲಿ ತುಂಬಿದವರ ಇನಿಷಿಯಲ್.

ಕೆಲಸ ಕೊಟ್ಟವರು ಕಾರ್ಖಾನೆಯ ಯಜಮಾನ ವಾಲ್ಟರ್. ಆಗಲೇ ಎಪ್ಪತ್ತು ದಾಟಿದ್ದರು. ನನ್ನ ಮೆಕ್ಯಾನಿಕಲ್ ಡಿಗ್ರಿಯನ್ನು ಅವರು ಓದಲಿಲ್ಲ. ಮೇಜಿನ ಮೇಲೆ ಹಾರಿಸಿದ ಮೂರು ಖಾಲಿ ಕೇಸುಗಳನ್ನಿಟ್ಟು, "ಇದರಲ್ಲಿ ಯಾವುದನ್ನು ನೋಡಿದರೆ ಹೆದರಿಕೆಯಾಗುತ್ತೆ?" ಎಂದು ಕೇಳಿದರು. ಮೂರನೆಯದರ ತಳದಲ್ಲಿ ಒಂದು ಹೊಳಪಿನ ಗುರುತಿತ್ತು. ಒತ್ತಡ ಹೆಚ್ಚಾಗಿ ಹಿತ್ತಾಳೆ ಮೇಣದಂತೆ ಸರಿದ ಜಾಗ. ಅದನ್ನು ತೋರಿಸಿದೆ. "ನಾಳೆ ಏಳಕ್ಕೆ ಬಾ" ಎಂದರು. ಇಂಟರ್‌ವ್ಯೂ ಅಷ್ಟೇ.

ಮೊದಲ ತಪ್ಪನ್ನು ಎರಡನೇ ತಿಂಗಳಲ್ಲಿ ಮಾಡಿದೆ. ಕೇಸಿನ ಕತ್ತನ್ನು ಒತ್ತುವ ಮೊದಲು ಬೆಂಕಿಯಲ್ಲಿ ಹಿಡಿದು ಮೆತ್ತಗೆ ಮಾಡಿಕೊಳ್ಳಬೇಕು. ಹಿತ್ತಾಳೆ ಮಂದವಾಗಿ ಕೆಂಪಾಗತೊಡಗಿದ ಕ್ಷಣದಲ್ಲೇ ತೆಗೆಯಬೇಕು. ಆ ಮಂದ ಕೆಂಪು ಕಾಣುವುದು ಮಬ್ಬು ಬೆಳಕಿನಲ್ಲಿ ಮಾತ್ರ. ನಾನು ಕಿಟಕಿಯ ಪಕ್ಕದಲ್ಲಿ, ಬೆಳಗಿನ ಬಿಸಿಲಿನಲ್ಲಿ ಕೂತು ಕಾಯಿಸಿದೆ. ಬಿಸಿಲಿನಲ್ಲಿ ಕೆಂಪು ಕಾಣುವ ಹೊತ್ತಿಗೆ ಹಿತ್ತಾಳೆ ಸತ್ತಿರುತ್ತದೆ. ಅರವತ್ತು ಕೇಸುಗಳು ಬೆರಳಲ್ಲಿ ಅದುಮಿದರೆ ಬಾಗುವಂತಾದವು. ವಾಲ್ಟರ್ ಬಂದು ನೋಡಿದರು. ಅರವತ್ತನ್ನೂ ತಂತಿಗೆ ಪೋಣಿಸಿ ನನ್ನ ಬೆಂಚಿನ ಮೇಲೆ ತೂಗುಹಾಕಿದರು. ಬಂದ ಗಿರಾಕಿಗಳೆಲ್ಲ ಅದೇನೆಂದು ಕೇಳುವರು. "ಡಿಗ್ರಿ" ಎನ್ನುವರು ವಾಲ್ಟರ್. ಹತ್ತು ವರ್ಷ ಆ ಹಾರದ ಕೆಳಗೆ ಕೂತು ಕೆಲಸ ಮಾಡಿದೆ.

ಅವರನ್ನು ದೂರುತ್ತಿಲ್ಲ. ಗೊತ್ತಿದ್ದದ್ದನ್ನೆಲ್ಲ ಕಲಿಸಿದರು, ಬಚ್ಚಿಟ್ಟುಕೊಳ್ಳಲಿಲ್ಲ. ಅವರದೊಂದು ಕಟ್ಟುನಿಟ್ಟು: ಅಚ್ಚಿಲ್ಲದೆ ತೋಟೆಯಿಲ್ಲ. ಹಳೆಯ ಕೋವಿಯ ಮೇಲೆ ಏನೇ ಕೊರೆದಿರಲಿ, ನಂಬುವಂತಿಲ್ಲ. ನಡುವೆ ಯಾರೋ ಗೂಡನ್ನು ಕೊರೆದು ದೊಡ್ಡದು ಮಾಡಿರಬಹುದು. ಆದ್ದರಿಂದ ಪ್ರತಿ ಕೋವಿಯ ಗೂಡಿಗೂ ಆ ಲೋಹವನ್ನು ಕರಗಿಸಿ ಸುರಿದು, ಮೊಟ್ಟೆಯಾಕಾರದ ಒಂದು ಅಡುಗೆಮನೆ ಟೈಮರ್ ತಿರುಗಿಸಿ, ಅಚ್ಚು ತೆಗೆದು, ಗಂಟೆಗೆ ಸರಿಯಾಗಿ ಅಳೆದು, ಅಂಕಿಗಳನ್ನು ಒಂದು ಕಾರ್ಡಿನ ಮೇಲೆ ಬರೆಯುವುದು. ಕಾರ್ಡು ಡಬ್ಬಿಗೆ. ಅಚ್ಚು, ಕೋವಿಯ ನಂಬರಿನ ಚೀಟಿಯೊಂದಿಗೆ, ಗೋಡೆಯುದ್ದಕ್ಕೂ ಇದ್ದ ಬೀರುವಿನ ಡ್ರಾಯರಿಗೆ. ನಲವತ್ತು ವರ್ಷದ ಅಚ್ಚುಗಳು ಅಲ್ಲಿದ್ದವು. ಬಂದವರಿಗೆಲ್ಲ ವಾಲ್ಟರ್ ಆ ಡ್ರಾಯರುಗಳನ್ನು ಎಳೆದು ತೋರಿಸುತ್ತಿದ್ದರು. ಅವು ತೋರಿಸುವುದಕ್ಕಷ್ಟೇ, ಅಳೆಯುವುದಕ್ಕಲ್ಲ ಎನ್ನುವುದು ನಮ್ಮಿಬ್ಬರಿಗೂ ಎಷ್ಟು ಸಹಜವಾಗಿ ಗೊತ್ತಿತ್ತೆಂದರೆ, ಅದನ್ನು ಎಲ್ಲಿಯೂ ಬರೆದಿಡಲಿಲ್ಲ. ಈ ಕೆಲಸಕ್ಕೆ ಬರುವವರು ಇದೊಂದನ್ನು ಗುರುತು ಮಾಡಿಕೊಳ್ಳಿ. ಯಾರೂ ಬರೆದಿಡದ ಸಂಗತಿ ಯಾವುದೋ, ಅದರಿಂದಲೇ ಏಟು ಬೀಳುವುದು.

ನನ್ನ ಸ್ವಂತಕ್ಕೆ ಒಂದು ನೋಟ್‌ಬುಕ್ ಇಟ್ಟಿದ್ದೆ. ನಾನು ತೆಗೆದ ಪ್ರತಿ ಅಚ್ಚಿನ ಸುರಿದ ಸಮಯ, ಅಳೆದ ಸಮಯ, ಅಂಕಿ. ಅದನ್ನು ಯಾರಿಗೂ ತೋರಿಸಿರಲಿಲ್ಲ. ಪ್ರತಿ ಸಂಜೆ ಮನೆಗೆ ಒಯ್ಯುತ್ತಿದ್ದೆ.

ಕೌಂಟರಿನಲ್ಲಿ ನಾನಿದ್ದರೆ ಗಿರಾಕಿಗಳು ನನ್ನ ಹೆಗಲ ಮೇಲಿಂದ ಒಳಗೆ ನೋಡುತ್ತಿದ್ದರು. "ತುಂಬುವವರನ್ನು ಕರೀತೀರಾ?" ಎಂದು ಕೇಳುವರು. "ಅವಳೇ" ಎಂದು ವಾಲ್ಟರ್ ಒಳಗಿನಿಂದ ಕೂಗುವರು. ಒಬ್ಬರು ನನ್ನ ಇನಿಷಿಯಲ್ ಇದ್ದ ಪೆಟ್ಟಿಗೆಯಿಂದ ನಾಲ್ಕು ತೋಟೆ ಬಿಚ್ಚಿ ಮದ್ದನ್ನು ಮನೆಯಲ್ಲಿ ತೂಗಿ ನೋಡಿ, ಮುಂದಿನ ವಾರ ಬಂದು, "ಪರವಾಗಿಲ್ಲ, ಸರಿಯಾಗಿದೆ" ಎಂದು ನನಗೆ ಸರ್ಟಿಫಿಕೇಟು ಕೊಟ್ಟರು. ಅವರು ಇಪ್ಪತ್ತು ವರ್ಷದಿಂದ ವಾಲ್ಟರ್ ತುಂಬಿದ ತೋಟೆ ಕೊಳ್ಳುತ್ತಿದ್ದವರು. ಒಂದನ್ನೂ ಬಿಚ್ಚಿರಲಿಲ್ಲ.

ಮನೆಯಲ್ಲಿ ಇನ್ನೊಂದು ಬಗೆ. ಫ್ಲೋರಲ್ ಪಾರ್ಕಿನಲ್ಲಿ ದೊಡ್ಡಮ್ಮನ ಮನೆಗೆ ಹೋದಾಗ ಯಾರಾದರೂ ಆಂಟಿ, "ಮಗಳು ಈಗ ಎಲ್ಲಿದಾಳೆ?" ಎಂದು ಕೇಳಿದರೆ ಅಮ್ಮ ನನ್ನ ಕಡೆ ನೋಡದೆ, "ಮೆಟಲ್ಸ್‌ನಲ್ಲಿದಾಳೆ. ಪ್ರಿಸಿಷನ್" ಅನ್ನುತ್ತಿದ್ದಳು. ಕಾರಿನಲ್ಲಿ ನಾನು ಕೇಳಿದೆ, ಅದಕ್ಕೇಕೆ ಸುಳ್ಳು ಎಂದು.

"ಸುಳ್ಳೆಲ್ಲಿ ಹೇಳಿದೆ? ತೋಟೆ ತುಂಬ್ತಾಳೆ ಅಂದ್ರೆ ಹತ್ತು ಪ್ರಶ್ನೆ ಬರುತ್ತೆ. ಪ್ರಿಸಿಷನ್ ಅಂದ್ರೆ ಯಾರೂ ಮುಂದಕ್ಕೆ ಕೇಳಲ್ಲ."

"ಕೇಳಿದ್ರೆ ನಾನೇ ಹೇಳ್ತೀನಿ."

"ನೀನಾ? ನೀನು ಒಂದ್ಸಲ ಹೇಳಿ ಬಾಯಿ ಮುಚ್ಕೊಂಡು ಕೂತ್ಕೋತೀಯ. ಉಳಿದ ಒಂಬತ್ತಕ್ಕೆ ನಾನು ಉತ್ತರ ಕೊಡ್ಬೇಕು. ಜಿಂಕೆ ಹೊಡೆಯೋರಿಗೆ ಮದ್ದು ತುಂಬಿಕೊಡ್ತಾಳೆ, ಮನೇಲಿ ಕೇಕಿಗೆ ಮೊಟ್ಟೆ ಹಾಕಿದ್ರೆ ತಿನ್ನಲ್ಲ ಅಂತಾಳೆ."

ಒಂದು ಸಲ ಹೇಳಿ ಸುಮ್ಮನಾಗುವವಳು ಎಂಬ ಮಾತನ್ನು ಅಂದು ತಮಾಷೆಯೆಂದುಕೊಂಡೆ.

ನೆನಪಿನಲ್ಲುಳಿದ ಕೆಲಸಗಳಲ್ಲಿ ಒಂದು, ಗಂಡ ತೀರಿಕೊಂಡಿದ್ದ ಹೆಂಗಸೊಬ್ಬರು ತಂದದ್ದು. ಅವರ ಗಂಡ ಮನೆಯಲ್ಲೇ ತುಂಬಿಟ್ಟಿದ್ದ ನಾನೂರು ತೋಟೆಗಳು, ಕಾಫಿ ಡಬ್ಬಿಗಳಲ್ಲಿ. ಲೇಬಲ್ ಇಲ್ಲ. ಮಗ ಹಾರಿಸಲು ಕೇಳುತ್ತಿದ್ದಾನೆ, ಕೊಡಬಹುದೇ ಎಂದು ತಿಳಿಯಬೇಕಿತ್ತು. ಲೇಬಲ್ ಇಲ್ಲದ್ದನ್ನು ಹಾರಿಸುವಂತಿಲ್ಲ, ಬಿಚ್ಚಬೇಕು ಎಂದೆ. "ನನ್ನ ಗಂಡ ಬಹಳ ಜಾಗ್ರತೆಯ ಮನುಷ್ಯ" ಎಂದರು. ಎರಡು ದಿನ ಕೂತು ನಾನೂರನ್ನೂ ಬಿಚ್ಚಿದೆ. ಮದ್ದು ಪ್ರತಿಯೊಂದರಲ್ಲೂ ಒಂದೇ ತೂಕ. ಅವರು ನಿಜಕ್ಕೂ ಜಾಗ್ರತೆಯ ಮನುಷ್ಯ. ಅದು ಗೊತ್ತಾಗುವ ಹೊತ್ತಿಗೆ ಒಂದೂ ಉಳಿದಿರಲಿಲ್ಲ. ಆಕೆಗೆ ಫೋನಿನಲ್ಲಿ ತಿಳಿಸಿದಾಗ, "ನಾನು ಹೇಳಿರಲಿಲ್ಲವೇ" ಎಂದು ಅಷ್ಟೇ ಹೇಳಿದರು. ನಿಯಮದ ಪ್ರಕಾರ ನಾನು ಮಾಡಿದ್ದು ಸರಿ. ಆ ಕಾಲದಲ್ಲಿ ಸರಿ ಎನ್ನುವುದು ನನಗೆ ಸಾಕಾಗುತ್ತಿತ್ತು.

ಬೋಪಯ್ಯ ಅಂಕಲ್ ಬಂದದ್ದು ನನ್ನ ಏಳನೇ ವರ್ಷದಲ್ಲಿ. ಕೊಡಗಿನವರು. ಲಾಂಗ್ ಐಲೆಂಡಿನ ಹಿಕ್ಸ್‌ವಿಲ್‌ನಲ್ಲಿ ಮನೆ, ಅರಿವಳಿಕೆ ಡಾಕ್ಟರಾಗಿದ್ದು ರಿಟೈರ್ ಆದವರು. ಅವರ ಅಜ್ಜನ ಕೋವಿ ಊರಿನಲ್ಲಿ, ಮನೆತನದ ಮೂಲಮನೆಯಾದ ಐನ್‌ಮನೆಯಲ್ಲಿ, ಅಣ್ಣನ ಹೆಸರಿನಲ್ಲಿತ್ತು. ಅದೇ ಇಂಗ್ಲಿಷ್ ಕಂಪನಿಯ, ಅದೇ ಅಳತೆಯ ಇನ್ನೊಂದು ರೈಫಲ್ ಇಲ್ಲಿ ಹರಾಜಿನಲ್ಲಿ ಸಿಕ್ಕಿತ್ತು. ತೋಟೆ ಸಿಕ್ಕಿರಲಿಲ್ಲ. ಕೌಂಟರಿನ ಮೇಲಿದ್ದ ನನ್ನ ಹೆಸರು ಓದಿ ಇಂಗ್ಲಿಷನ್ನು ಅಲ್ಲಿಗೇ ಬಿಟ್ಟರು.

"ಕನ್ನಡವಾ? ಯಾವೂರು?"

"ಮೈಸೂರು ಅಂಕಲ್. ಹನ್ನೆರಡು ವರ್ಷಕ್ಕೆ ಇಲ್ಲಿಗೆ ಬಂದಿದ್ದು."

"ಮೈಸೂರಾದ್ರೆ ನಮ್ಮವಳೇ ಬಿಡು. ಚಪ್ಪಲಿ ತಗೊಳ್ಳೋಕೂ ನಾವು ಮೈಸೂರಿಗೇ ಬರ್ತಿದ್ದಿದ್ದು. ಇಲ್ಲಿ ತೋಟೆ ತುಂಬೋರು ಯಾರು?"

"ನಾನೇ."

ನಾನು ಮುಂದಿನ ಪ್ರಶ್ನೆಗೆ ಕಾದೆ. ಅವರು ತಲೆಯಾಡಿಸಿದರು.

"ಸರಿ. ನಮ್ಮಜ್ಜಿನೂ ತುಂಬ್ತಿದ್ರು. ಅಜ್ಜಿ ತುಂಬೋದು, ಅಜ್ಜ ಹೊಡೆಯೋದು. ಗುರಿ ತಪ್ಪಿದ್ರೆ ತೋಟೆದು ತಪ್ಪು, ಬಿದ್ರೆ ಅಜ್ಜನ ಹೆಸರು."

ಅವರ ಕೋವಿಗೆ ಅಚ್ಚು ಸುರಿದೆ. ಗಂಟೆ ಪೂರ್ತಿ ಅವರು ಅಲ್ಲೇ ಸ್ಟೂಲಿನ ಮೇಲೆ ಕೂತರು, ಫ್ಲಾಸ್ಕಿನಿಂದ ನನಗೂ ಕಾಫಿ ಕೊಟ್ಟರು. ಯಾಕೆ ಕಾಯಬೇಕೆಂದು ಕೇಳಿದರು. ಕುಗ್ಗುವುದು, ಹಿಗ್ಗುವುದು, ಆಮೇಲೂ ಬೆಳೆಯುವುದು, ಎಲ್ಲ ಹೇಳಿದೆ. "ಮನುಷ್ಯರ ಉಲ್ಟಾ ಹಾಗಾದ್ರೆ. ನಾವು ಮೊದ್ಲು ಹಿಗ್ತೀವಿ, ಆಮೇಲೆ ಕುಗ್ತೀವಿ" ಎಂದು ನಕ್ಕರು. ಟೈಮರ್ ಕೂಗಿತು. ತೋಟೆಯ ಕತ್ತು ಕೂರುವ ಜಾಗದ ಅಳತೆ ಮುನ್ನೂರ ಅರವತ್ತೊಂದು ಥೌ. ಕಾರ್ಡಿನಲ್ಲಿ ಬರೆದೆ, ನೋಟ್‌ಬುಕ್ಕಿನಲ್ಲಿ ಬರೆದೆ. ಅಚ್ಚು ಡ್ರಾಯರಿಗೆ ಹೋಯಿತು. ಅವರ ಕೋವಿಗೆ ನಾವು ಬಿಡುತ್ತಿದ್ದ ಜಾಗ ಎರಡು ಥೌ. ಅಂದರೆ ತೋಟೆಯ ಕತ್ತು ಮುನ್ನೂರ ಐವತ್ತೊಂಬತ್ತು. ಮದ್ದು ಉರಿದಾಗ ಕತ್ತು ಆ ಜಾಗದಷ್ಟು ಹಿಗ್ಗಿ ಗುಂಡನ್ನು ಬಿಟ್ಟುಕೊಡಬೇಕು. ಜಾಗವಿಲ್ಲದಿದ್ದರೆ ಬಿಡುವುದಿಲ್ಲ. ಒತ್ತಡ ಹಿಂದಕ್ಕೆ ಬರುತ್ತದೆ.

ತೋಟೆಗಳು ಅವರಿಗೆ ಬೇಕಿದ್ದದ್ದು ಬೇಟೆಗಲ್ಲ, ಕೈಲ್‌ಪೊಳ್ದ್ ಹಬ್ಬಕ್ಕೆ. ಅಂದು ಕೊಡವರು ಮನೆಯ ಕೋವಿಗೆ ಹೂವಿಟ್ಟು ಪೂಜೆ ಮಾಡುತ್ತಾರೆ, ಆಮೇಲೆ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುತ್ತಾರೆ. ಕೋವಿಗೆ ಮುಡಿಸುವ ತೋಕ್ ಹೂವು ಲಾಂಗ್ ಐಲೆಂಡಿನಲ್ಲಿ ಸಿಗುವುದಿಲ್ಲವೆಂದು ಅವರ ಹೆಂಡತಿ ದೇವಕಿ ಆಂಟಿ ಅಂಗಡಿಯ ಲಿಲಿ ಮುಡಿಸುತ್ತಿದ್ದರು. ಸುತ್ತಲಿನ ಹತ್ತಾರು ಕೊಡವ ಕುಟುಂಬಗಳು ಒಂದು ಕ್ಲಬ್ಬಿನ ಮೈದಾನದಲ್ಲಿ ಸೇರಿ ಕಾಯಿ ಹೊಡೆಯುವರು. ಮೊದಲ ಗುಂಡು ಅಂಕಲ್‌ದು. ಎರಡು ವರ್ಷ ನಾನು ತುಂಬಿದ ತೋಟೆಗೆ ಕಾಯಿ ಒಡೆಯಿತು. ಎರಡು ಸಲವೂ ಒಡೆದ ಚಿಪ್ಪಿನ ಚೂರೊಂದನ್ನು ನನಗೆ ತಂದುಕೊಟ್ಟರು. "ನಮ್ಮಜ್ಜಿಗೆ ಯಾರೂ ಕೊಡ್ಲಿಲ್ಲ, ನೀನಾದ್ರೂ ಇಟ್ಕೋ" ಎಂದರು.

ಒಂಬತ್ತನೇ ವರ್ಷ ವಾಲ್ಟರ್ ಬಿದ್ದು ಸೊಂಟ ಮುರಿದುಕೊಂಡರು. ಅವರ ಅಳಿಯ ಗ್ರೆಗ್ ಕಾರ್ಖಾನೆ ನೋಡಿಕೊಳ್ಳಲು ಬಂದ. ಕೆಟ್ಟ ಮನುಷ್ಯನಲ್ಲ. ಎಲ್ಲವೂ ಕಂಪ್ಯೂಟರಿನಲ್ಲಿರಬೇಕು ಎಂದ, ಅದು ತಪ್ಪೂ ಅಲ್ಲ. ಕಾರ್ಡುಗಳಲ್ಲಿದ್ದ ವಾಲ್ಟರ್ ಅಕ್ಷರ ಅವನಿಗೆ ಓದಲಾಗಲಿಲ್ಲ. ಆದ್ದರಿಂದ ಒಂದು ವೀಕೆಂಡ್ ಕೂತು, ಡ್ರಾಯರುಗಳಲ್ಲಿದ್ದ ನಲವತ್ತು ವರ್ಷದ ಅಚ್ಚುಗಳನ್ನೇ ಹೊಸ ಡಿಜಿಟಲ್ ಉಪಕರಣದಲ್ಲಿ ಒಂದೊಂದಾಗಿ ಅಳೆದು ಕಂಪ್ಯೂಟರಿಗೆ ಹಾಕಿದ. ಕಾರ್ಡುಗಳನ್ನು ಕಾರ್ಟನ್ನಿಗೆ ತುಂಬಿ ಬಾಗಿಲ ಬಳಿ ಇಟ್ಟ.

ಸೋಮವಾರ ಅವನಿಗೆ ಹೇಳಿದೆ. "ಗ್ರೆಗ್, ಆ ಅಚ್ಚುಗಳೆಲ್ಲ ಬೆಳೆದಿವೆ. ಕಾರ್ಡಿನ ಅಂಕಿಯೇ ಸರಿ."

"ಎಷ್ಟು ಬೆಳೆದಿರುತ್ತೆ?"

"ಎರಡು ಥೌ."

"ಎರಡು." ಅವನು ಬೀರುವಿನ ಕಡೆ ನೋಡಿದ. "ಅದಕ್ಕಾಗಿ ಇದೆಲ್ಲ ಮತ್ತೊಂದು ಸಲ? ಒಂದು ಇಮೇಲ್ ಹಾಕು, ನೋಡೋಣ."

ಇಮೇಲ್ ಹಾಕಿದೆ. ಒಂದೇ ಸಾಲು. ಉತ್ತರ ಬರಲಿಲ್ಲ. ನಾನು ಮತ್ತೆ ಕೇಳಲಿಲ್ಲ. ಒಂದು ದಿನ ನೋಡಿದರೆ ಕಾರ್ಟನ್ನು ಬಾಗಿಲ ಬಳಿ ಇರಲಿಲ್ಲ. ವಾಲ್ಟರ್‌ಗೆ ಫೋನ್ ಮಾಡಬಹುದಿತ್ತು, ಮಾಡಲಿಲ್ಲ. ಹೇಳಬೇಕಾದದ್ದನ್ನು ಹೇಳಿಯಾಯಿತು, ಬರೆದೂ ಆಯಿತು ಎಂದುಕೊಂಡೆ. ಎಷ್ಟೋ ಕೋವಿಗಳಿಗೆ ನಾವು ನಾಲ್ಕೈದು ಥೌ ಜಾಗ ಬಿಡುತ್ತಿದ್ದೆವು. ಅವಕ್ಕೆ ಏನೂ ಆಗಲಿಲ್ಲ. ತಿಂಗಳುಗಳು ಕಳೆದವು.

ಹಬ್ಬದ ಹತ್ತಿರ ಬೋಪಯ್ಯ ಅಂಕಲ್ ಅವರ ಆರ್ಡರ್ ಬಂತು. ಕಂಪ್ಯೂಟರಿನಿಂದ ಹಾಳೆ ಬಂತು. ಕತ್ತು: ಮುನ್ನೂರ ಅರವತ್ತಮೂರು. ನನ್ನ ನೆನಪಿನಲ್ಲಿ ಅರವತ್ತೊಂದು ಇತ್ತು. ನೋಟ್‌ಬುಕ್ ಅಂದು ಮನೆಯಲ್ಲಿತ್ತು. ಹೋಗಿ ನೋಡಬಹುದಿತ್ತು, ಮರುದಿನ ತುಂಬಬಹುದಿತ್ತು. ತುಂಬಿದೆ. ಹಾಳೆಯಲ್ಲಿದ್ದಂತೆ, ಎರಡು ಥೌ ಜಾಗ ಬಿಟ್ಟು, ಕತ್ತು ಮುನ್ನೂರ ಅರವತ್ತೊಂದು. ಗೂಡು ಬೆಳೆದಿರಲಿಲ್ಲ, ಅಚ್ಚು ಮಾತ್ರ ಬೆಳೆದಿತ್ತು. ಬಿಟ್ಟದ್ದು ಎರಡು, ಬೆಳೆದದ್ದು ಎರಡು. ಉಳಿದ ಜಾಗ ಸೊನ್ನೆ. ಲೇಬಲ್ ಅಂಟಿಸಿ ಇನಿಷಿಯಲ್ ಹಾಕಿದೆ.

ಯಾಕೆ ತುಂಬಿದೆ ಎಂದು ನಾನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಹಾಳೆಯಂತೆ ಮಾಡುವುದು ಹೊಸ ಕ್ರಮವಾಗಿತ್ತು ಎನ್ನುವುದು ಒಂದು ಉತ್ತರ. ಇನ್ನೊಂದನ್ನು ಬರೆಯುವುದು ಕಷ್ಟ. ಹಾಳೆ ತಪ್ಪೆಂದು ಹಾಳೆಯಿಂದಲೇ ರುಜುವಾಗಲಿ ಎಂಬ ಸಣ್ಣ ಆಸೆಯೂ ಎಲ್ಲೋ ಇತ್ತು. ಒಂದು ಕೇಸು ಬಿರಿಯಬಹುದು, ಒಂದು ದೂರು ಬರಬಹುದು, ಗ್ರೆಗ್ ನನ್ನ ಇಮೇಲ್ ಹುಡುಕಬಹುದು. ಅಷ್ಟರ ಮಟ್ಟಿಗೆ.

ಸೋಮವಾರ ಬೆಳಿಗ್ಗೆ ಫೋನ್ ಬಂತು. ದೇವಕಿ ಆಂಟಿ.

"ನಿನ್ನೆ ಕೋವಿ ಸಿಡೀತು ಕಣಮ್ಮ. ಮೊದಲ್ನೇ ಗುಂಡಿಗೇ. ಇವರ ಎಡಗೈಗೆ ಆಪರೇಷನ್ ಆಗಿದೆ. ಮಕ್ಕಳು ಹತ್ರದಲ್ಲೇ ಇದ್ರು, ದೇವರು ದೊಡ್ಡವನು, ಅವರಿಗೇನೂ ಆಗ್ಲಿಲ್ಲ. ನೀನು ಗಾಬರಿ ಆಗ್ಬೇಡ ಅಂತ ಹೇಳೋಕೆ ಮಾಡಿದೆ. ಅವಳ ತೋಟೆದೇನೂ ತಪ್ಪಿಲ್ಲ, ಹಳೇ ಕೋವಿದು ಅಂತ ಇವರು ಆಗಿಂದ ಹೇಳ್ತಿದಾರೆ. ಆ ಹುಡುಗಿಗೆ ಮೊದ್ಲು ಫೋನ್ ಮಾಡು ಅಂದ್ರು."

ಮನೆಗೆ ಹೋಗಿ ನೋಟ್‌ಬುಕ್ ತೆಗೆದೆ. ಅರವತ್ತೊಂದು.

ಗ್ರೆಗ್ ಒಬ್ಬ ವಕೀಲರನ್ನು ಕರೆಸಿದ. ನನ್ನ ಮುಂದೆ ಒಂದು ಹೇಳಿಕೆ ಇಟ್ಟರು. ನಾಲ್ಕು ವಾಕ್ಯ. ಈ ತೋಟೆಗಳನ್ನು ನಾನು ತುಂಬಿದೆ. ದಾಖಲೆಯಲ್ಲಿದ್ದ ಅಳತೆಯಂತೆ ತುಂಬಿದೆ. ಮದ್ದಿನ ತೂಕ ನಮೂದಿಸಿದಷ್ಟೇ ಇತ್ತು. ಕ್ರಮದಿಂದ ಯಾವುದೇ ವ್ಯತ್ಯಾಸ ಮಾಡಲಿಲ್ಲ. ಸುಳ್ಳನ್ನು ಹುಡುಕುತ್ತ ಮೂರು ಸಲ ಓದಿದೆ, ಒಂದೂ ಸಿಗಲಿಲ್ಲ. ಸುಳ್ಳು ಸಿಕ್ಕಿದ್ದರೆ ಸಹಿ ಹಾಕುತ್ತಿರಲಿಲ್ಲ ಎಂದು ಈಗಲೂ ನಂಬಿದ್ದೇನೆ. ನಾಲ್ಕೂ ನಿಜವಾಗಿದ್ದವು. ಸಹಿ ಹಾಕಿದೆ.

ಮುಂದಿನ ಸೋಮವಾರ ಕಂಪ್ಯೂಟರ್ ತೆರೆದಾಗ ಪ್ರತಿ ಕೋವಿಯ ಪ್ರತಿ ಅಂಕಿಯಲ್ಲೂ ಎರಡು ಕಡಿಮೆಯಾಗಿತ್ತು. ಯಾರೂ ಏನೂ ಹೇಳಲಿಲ್ಲ. ಯಾವ ಗಿರಾಕಿಗೂ ಪತ್ರ ಹೋಗಲಿಲ್ಲ. ತಪ್ಪೊಪ್ಪಿಗೆ ಎಂಬುದನ್ನು ಆ ಕಾರ್ಖಾನೆಯಲ್ಲಿ ನಾನು ಕಂಡದ್ದು ಆ ರೂಪದಲ್ಲಿ ಮಾತ್ರ. ಕಾರ್ಖಾನೆಯ ಪರವಾಗಿ ಬಂದ ವರದಿಯಲ್ಲಿ ಕಾರಣ ಹೀಗಿತ್ತು: ಕೋವಿಯ ವಯಸ್ಸು.

ಬೋಪಯ್ಯ ಅಂಕಲ್‌ರನ್ನು ನೋಡಲು ಹೋದದ್ದು ಜನವರಿಯಲ್ಲಿ. ಅಷ್ಟು ತಡವಾಗಿ. ಎಡಗೈಯ ಹೆಬ್ಬೆರಳು ಮತ್ತು ಎರಡು ಬೆರಳು ಮಡಚುತ್ತಿರಲಿಲ್ಲ. ಸ್ವೆಟರಿನ ಗುಂಡಿಯನ್ನು ಆಂಟಿ ಹಾಕುತ್ತಿದ್ದರು. ಅದಕ್ಕಿಂತ ಹೆಚ್ಚಾಗಿ ಬೇರೊಂದು ಅವರನ್ನು ಕುಗ್ಗಿಸಿತ್ತು.

"ಪುತ್ತರಿ ಹಬ್ಬಕ್ಕೆ ಈ ಸಲ ಯಾರೂ ಕರೀಲಿಲ್ಲ" ಎಂದರು ಆಂಟಿ, ಕಾಫಿ ಕೊಡುತ್ತ. "ಗುಜರಿ ಕೋವಿ ತಂದು ಮಕ್ಕಳ ಮಧ್ಯೆ ಸಿಡಿಸಿದ ಅಂತ ಮಾತು. ಎದುರಿಗೆ ಅನ್ನಲ್ಲ. ಫೋನ್ ಮಾಡಲ್ಲ, ಅಷ್ಟೇ."

"ಅವರದ್ದೇನು ತಪ್ಪು" ಎಂದರು ಅಂಕಲ್. "ನಾಲ್ಕು ವರ್ಷದ ಮಗು ಅಲ್ಲೇ ನಿಂತಿತ್ತು. ತೋಟೆನ ಒಳಗೆ ದೂಡೋ ಬೋಲ್ಟ್ ಸ್ವಲ್ಪ ಬಿಗಿಯಾಗಿತ್ತು. ಹೊಸ ತೋಟೆ ಅಲ್ವಾ ಅಂತ ಒತ್ತಿ ಹಾಕ್ದೆ. ನಲವತ್ತು ವರ್ಷ ಜನರನ್ನ ಮಲಗಿಸಿ ಎಬ್ಬಿಸಿದೀನಿ, ಒಬ್ಬರಿಗೂ ಅಂದಾಜಲ್ಲಿ ಔಷಧಿ ಕೊಟ್ಟೋನಲ್ಲ. ಅವತ್ತು ಅಂದಾಜಲ್ಲಿ ಒತ್ತಿದೆ." ಆಮೇಲೆ ನನ್ನ ಕಡೆ ತಿರುಗಿದರು. ಅವರ ಮಾತಿನಲ್ಲಿ ಮಗುವಿಗೆ ಕುಂಞಿ ಎನ್ನುತ್ತಾರೆ. "ಕುಂಞಿ, ನಿಂಗೆ ಗೊತ್ತಿರುತ್ತೆ. ಕೋವಿದಾ, ನಂದಾ? ಒಂದು ತಿಳಿದ್ರೆ ಸಾಕು."

"ರಿಪೋರ್ಟಿನಲ್ಲಿ ಎಲ್ಲ ಇದೆ ಅಂಕಲ್" ಎಂದೆ.

"ಹೂಂ. ನೋಡಿ ತಗೋಬೇಕಿತ್ತು. ನಂದೇ ತಪ್ಪು" ಎಂದರು. ನಾನು ಕಾಫಿ ಮುಗಿಸಿದೆ. ಗ್ಯಾರೇಜಿನಲ್ಲಿ ಕೋವಿಯ ತುಂಡುಗಳನ್ನು ತೋರಿಸಿದರು. ಒಡೆದದ್ದು ಹಿಂಭಾಗ. ನಳಿಗೆ, ಅದರ ಗೂಡು, ಹಾಗೆಯೇ ಇತ್ತು. ಪಕ್ಕದಲ್ಲಿ ಹತ್ತೊಂಬತ್ತು ತೋಟೆಗಳ ಪೆಟ್ಟಿಗೆ, ನನ್ನ ಇನಿಷಿಯಲ್. ಮನೆಗೆ ಬಂದೆ.

ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೋಗಲಿಲ್ಲ, ರಜೆಯನ್ನೂ ಹೇಳಲಿಲ್ಲ. ನನ್ನ ಸ್ವಂತದ ಲೋಹದ ಗಟ್ಟಿ, ಸೌಟು, ಸಣ್ಣ ಎಲೆಕ್ಟ್ರಿಕ್ ಒಲೆ, ಮೈಕ್ರೋಮೀಟರ್, ನೋಟ್‌ಬುಕ್, ಅಮ್ಮನ ಅಡುಗೆಮನೆಯ ಟೈಮರ್ ಕಾರಿನಲ್ಲಿಟ್ಟುಕೊಂಡೆ. ಬೆಲ್ಟ್ ಪಾರ್ಕ್‌ವೇಯಲ್ಲಿ ಟ್ರಾಫಿಕ್ ಇತ್ತು. ಹತ್ತಕ್ಕೆ ಮುಂಚೆ ಹಿಕ್ಸ್‌ವಿಲ್ ತಲುಪಿದೆ. ಗ್ಯಾರೇಜ್ ತೆರೆಯಲು ಹೇಳಿದೆ. ನಳಿಗೆಗೆ ಬಟ್ಟೆಯ ಬಿರಡೆ ಹಾಕಿ, ಲೋಹ ಕರಗಿಸಿ, ಗೂಡಿಗೆ ಸುರಿದು ಟೈಮರ್ ತಿರುಗಿಸಿದೆ. ಸ್ವಲ್ಪ ಹೊತ್ತಿಗೆ ಅಚ್ಚನ್ನು ಹೊರಗೆ ತಳ್ಳಿ ಬಟ್ಟೆಯ ಮೇಲಿಟ್ಟೆ. ಅಂಕಲ್ ಒಂದು ಕುರ್ಚಿ ಎಳೆದುಕೊಂಡು ಕೂತರು. ಆಂಟಿ ಬಾಗಿಲಲ್ಲಿ ನಿಂತರು. ನನಗೆ ಒಂದು ಗಂಟೆಯಿತ್ತು.

ಹೇಳುವುದಕ್ಕೆ ಹತ್ತು ನಿಮಿಷ ಸಾಕಾಯಿತು. ಡ್ರಾಯರು, ವೀಕೆಂಡು, ಇಮೇಲು, ಹಾಳೆ, ನಾಲ್ಕು ವಾಕ್ಯ, ಕಡಿಮೆಯಾದ ಎರಡು. ಮುಗಿದ ಮೇಲೆ ಅಂಕಲ್ ಒಂದೇ ಪ್ರಶ್ನೆ ಕೇಳಿದರು.

"ತುಂಬುವಾಗ ಅರವತ್ತೊಂದು ಅಂತ ನಿಂಗೆ ನೆನಪಿತ್ತಾ?"

"ಇತ್ತು ಅಂಕಲ್."

ಅಂಕಲ್ ಕುರ್ಚಿಯನ್ನು ಟೈಮರಿನ ಕಡೆ ತಿರುಗಿಸಿಕೊಂಡರು. ಆಂಟಿ ಒಳಗೆ ಹೋದರು. ಈ ಸಲ ಕಾಫಿ ಬರಲಿಲ್ಲ.

ಟೈಮರ್ ಕೂಗಿತು. ಮೈಕ್ರೋಮೀಟರನ್ನು ಅಂಕಲ್‌ರ ಬಲಗೈಗೆ ಕೊಟ್ಟು, ಅಚ್ಚನ್ನು ನಾನು ಹಿಡಿದೆ. ಅವರ ಎಡಗೈ ಹಿಡಿಯಲಾರದು. ನಿಧಾನವಾಗಿ ತಿರುಗಿಸಿ, ಕನ್ನಡಕ ಏರಿಸಿ ಓದಿದರು. "ಮೂರು, ಆರು, ಒಂದು." ಪೆಟ್ಟಿಗೆಯಿಂದ ಒಂದು ತೋಟೆ ತೆಗೆದು ಅದರ ಕತ್ತನ್ನೂ ಅಳೆಯಿರಿ ಎಂದೆ. ಅಳೆದರು. "ಇದೂ ಮೂರು, ಆರು, ಒಂದು." ಎರಡನ್ನೂ ಬಟ್ಟೆಯ ಮೇಲೆ ಪಕ್ಕಪಕ್ಕದಲ್ಲಿಟ್ಟು ನೋಡುತ್ತ ಕೂತರು.

ಒಂದು ಕಾರ್ಡಿನ ಮೇಲೆ ಸುರಿದ ಸಮಯ, ಅಳೆದ ಸಮಯ, ಎರಡೂ ಅಂಕಿ ಬರೆದೆ. ಕೆಳಗೆ ಇನಿಷಿಯಲ್ ಹಾಕುವ ಜಾಗದಲ್ಲಿ ಪೂರ್ತಿ ಹೆಸರು ಬರೆದೆ. ಅಳೆದವರು ಎಂದು ಅಂಕಲ್ ತಮ್ಮ ಸಹಿ ಹಾಕಿದರು. ಕಾರ್ಡು ಅಲುಗದಂತೆ ಅದನ್ನು ನಾನು ಒತ್ತಿ ಹಿಡಿದಿದ್ದೆ.

ಕಾರ್ಡನ್ನು, ನೋಟ್‌ಬುಕ್ಕಿನ ಪುಟವನ್ನು, ನನ್ನ ಹಳೆಯ ಇಮೇಲನ್ನು ಫೋನಿನಲ್ಲಿ ಒಟ್ಟಿಗೆ ಸೇರಿಸಿ, ಆ ಗ್ಯಾರೇಜಿನಲ್ಲೇ ನಿಂತು ಅಂಕಲ್‌ಗೆ, ಕಾರ್ಖಾನೆಯ ವಕೀಲರಿಗೆ, ಗ್ರೆಗ್‌ಗೆ ಕಳಿಸಿದೆ. ಬರೆದದ್ದು ಒಂದೇ ಸಾಲು: ಈ ತೋಟೆಗಳನ್ನು ತಪ್ಪು ಅಳತೆಗೆ ತುಂಬಿದವಳು ನಾನು, ಅಳತೆ ತಪ್ಪೆಂದು ನನಗೆ ಗೊತ್ತಿತ್ತು, ಕಾರ್ಖಾನೆಗೂ ಗೊತ್ತಿತ್ತು.

ಈ ಸಲ ಗ್ರೆಗ್‌ನ ಉತ್ತರಕ್ಕೆ ಹತ್ತು ನಿಮಿಷವೂ ಹಿಡಿಯಲಿಲ್ಲ: ನಾಳೆಯಿಂದ ಬರಬೇಡ.